ಬದಲಿ ಮೇಷ್ಟ್ರು

ನಮ್ಮ ಶಾಲೆಯ ಹಿಂಭಾಗದಲ್ಲಿ, ಹಲಸಿನ ಮರದ ನೆರಳು ತಾಗದಷ್ಟು ದೂರದಲ್ಲಿ, ಒಂದು ಮಳೆಮಾಪಕವಿದೆ. 1999ರ ಜೂನ್ ತಿಂಗಳಲ್ಲಿ ಅದನ್ನು ಅಲ್ಲಿ ನೆಟ್ಟವನು ನಾನೇ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅದರ ಬಾಟಲಿಯ ನೀರನ್ನು ಅಳೆಯುವ ಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ಬರೆದಿಡುವುದು ನನ್ನ ನಿತ್ಯಕರ್ಮ. ಎಂಟೂವರೆಯೇ ಏಕೆಂದರೆ ಹವಾಮಾನ ಇಲಾಖೆಯ ಮಳೆಯ ದಿನ ಮುಗಿಯುವುದು ಮಧ್ಯರಾತ್ರಿಗಲ್ಲ, ಬೆಳಿಗ್ಗೆ 8.30ಕ್ಕೆ. ಭಾನುವಾರವಾಗಲಿ ದಸರಾ ರಜೆಯಾಗಲಿ, ಮನೆ ಹತ್ತಿರವೇ ಇರುವುದರಿಂದ ತಪ್ಪಿಸಿದ್ದು ಕಡಿಮೆ. ನನ್ನ ಹೆಂಡತಿ ಇದಕ್ಕೆ 'ನಿಮ್ಮ ಸಂಧ್ಯಾವಂದನೆ' ಎಂದು ಹೆಸರಿಟ್ಟಿದ್ದಾಳೆ.

2012ರಲ್ಲಿ ಶಾಲೆಗೆ ಒಂದು ಕಂಪ್ಯೂಟರ್ ಬಂದಾಗ ಹತ್ತನೆಯ ತರಗತಿಯ ಮಕ್ಕಳು ಎರಡು ತಿಂಗಳು ಕುಳಿತು ಹಳೆಯ ರಿಜಿಸ್ಟರುಗಳನ್ನೆಲ್ಲ ಅದರೊಳಗೆ ತುಂಬಿಸಿದರು. ಇನ್ನೇನು, ಚಿರಂಜೀವಿಯಾಯಿತು ಎಂದುಕೊಂಡು ನಾನು ರಿಜಿಸ್ಟರುಗಳನ್ನು ಉಗ್ರಾಣದ ಕಪಾಟಿಗೆ ಸೇರಿಸಿದೆ. 2019ರ ಆಗಸ್ಟ್‌ನಲ್ಲಿ, ರಾಜ್ಯವಿಡೀ ನೆರೆಯಲ್ಲಿ ಮುಳುಗಿದ್ದ ಆ ದಿನಗಳಲ್ಲೇ, ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಟಕಟ ಎನ್ನತೊಡಗಿತು. ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಯವನು ಅದನ್ನು ಕಿವಿಗೆ ಹಿಡಿದು ನೋಡಿ, "ಆಸೆ ಬಿಡಿ ಸಾರ್" ಎಂದ. ಮನೆಗೆ ಬಂದವನೇ ಉಗ್ರಾಣಕ್ಕೆ ಓಡಿದೆ. ಗೆದ್ದಲು ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಉಳಿದವು ಉಳಿದವು, 2002, 2003 ಮತ್ತು 2004ರ ಪುಸ್ತಕಗಳು ಮಾತ್ರ ಮುಟ್ಟಿದರೆ ಮಣ್ಣು. ಕರ್ನಾಟಕ ಸಾಲಾಗಿ ಬರಗಾಲ ಕಂಡ ವರ್ಷಗಳು ಅವು. ವಾರ್ಷಿಕ ಮೊತ್ತ ಪ್ರಯೋಗಾಲಯದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದದ್ದು ಇದೆ. ಆದರೆ ಯಾವ ವಾರ ಮಳೆ ಕೈಕೊಟ್ಟಿತು, ಯಾವ ದಿನ ಮರಳಿ ಬಂತು ಎಂಬುದನ್ನು ಈಗ ಯಾರೂ ಹೇಳಲಾರರು.

ಈ ಕಥೆಯನ್ನು ನಾನು 2020ರ ಕೊನೆಯಲ್ಲಿ ಒಬ್ಬ ಹಳೆಯ ವಿದ್ಯಾರ್ಥಿನಿಯ ಮುಂದೆ ತೋಡಿಕೊಂಡೆ. ಬೆಂಗಳೂರಿನ ಕಂಪನಿಯೊಂದರಲ್ಲಿ ದೊಡ್ಡ ದೊಡ್ಡ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಕೊರೊನಾ ಕಾಲದಲ್ಲಿ ಊರಿಗೆ ಬಂದು, ಗುಡ್ಡದ ನೆತ್ತಿಯಲ್ಲಿ ಅಡಿಕೆ ಸೋಗೆಯ ಗುಡಿಸಲು ಹಾಕಿಕೊಂಡು, ಸಿಗ್ನಲ್ ಸಿಕ್ಕಷ್ಟು ಹೊತ್ತು ಕೆಲಸ ಮಾಡುತ್ತಿದ್ದಳು. ಎಲ್ಲ ಕೇಳಿ ಅವಳು ಹೇಳಿದ್ದು ಒಂದೇ ಮಾತು: "ಸಾರ್, ನೀವು ಒಂದೇ ಡಿಸ್ಕನ್ನು ನಂಬಿದ್ರಿ. ನಮ್ಮ ಕೆಲಸದಲ್ಲಿ ಡಿಸ್ಕ್ ಸಾಯ್ತದೆ ಅಂತಲೇ ಲೆಕ್ಕ ಹಾಕಿ ಶುರು ಮಾಡೋದು."

ಒಂದು ಬ್ಯಾಂಕಿನ ಶಾಖೆಯವರು ಯಂತ್ರಗಳನ್ನು ಬದಲಾಯಿಸಿದಾಗ ಶಾಲೆಗೆ ಕೊಟ್ಟ ಮೂರು ಹಳೆಯ ಕಂಪ್ಯೂಟರುಗಳಿದ್ದವು. 2021ರ ಜನವರಿಯಲ್ಲಿ ಹತ್ತನೆಯವರಿಗೆ ಶಾಲೆ ತೆರೆದಾಗ ಅವಳು ಶನಿವಾರ ಮಧ್ಯಾಹ್ನಗಳಲ್ಲಿ ಬಂದು ಅವುಗಳನ್ನು ಒಂದಕ್ಕೊಂದು ಜೋಡಿಸಿದಳು. ಹಾಕಿದ ತಂತ್ರಾಂಶದ ಹೆಸರು ಸೆಫ್. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವಾಯಿತಲ್ಲ ಎಂದು ಯಾರಾದರೂ ನಕ್ಕರೆ ನಾನು ಒಪ್ಪುತ್ತೇನೆ. ಮಳೆಯ ಲೆಕ್ಕಕ್ಕೆ ಇಷ್ಟೆಲ್ಲ ಬೇಕಿರಲಿಲ್ಲ. ಆದರೆ ಮಕ್ಕಳಿಗೆ ಒಂದು ಪಾಠವಾಗಲಿ ಎಂಬುದು ಅವಳ ಹಟ. ನನಗೂ ಒಂದು ಪಾಠವಾಗಲಿ ಎಂಬುದು ಬಹುಶಃ ಅವಳ ಒಳ ಉದ್ದೇಶ.

ಸೆಫ್ ಎಂಬ ಹೆಸರು ಕೇಳಿದ ಕೂಡಲೇ ನನ್ನೊಳಗಿನ ಜೀವಶಾಸ್ತ್ರದ ಮೇಷ್ಟ್ರು ಎಚ್ಚೆತ್ತ. ಸೆಫಲೋಪಾಡ್ ಎಂದರೆ ತಲೆಗೇ ಕಾಲು ಅಂಟಿಸಿಕೊಂಡ ಮೃದ್ವಂಗಿಗಳ ವರ್ಗ. ಆಕ್ಟೋಪಸ್, ಸ್ಕ್ವಿಡ್ ಮುಂತಾದವು. ಹೆಸರು ಬಂದದ್ದು ಅಲ್ಲಿಂದಲೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಝ್ ಕೇಂದ್ರದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಸೇಜ್ ವೈಲ್ ಎಂಬಾತ ಇದನ್ನು ಕಟ್ಟಿದ. ಇದರ ಬಗ್ಗೆ ಮುಖ್ಯ ಪ್ರಬಂಧ ಪ್ರಕಟವಾದದ್ದು 2006ರಲ್ಲಿ. ಆ ವಿಶ್ವವಿದ್ಯಾಲಯದ ಲಾಂಛನ ಪ್ರಾಣಿಯೂ ಒಂದು ಮೃದ್ವಂಗಿಯೇ, ಚಿಪ್ಪಿಲ್ಲದ ಹಳದಿ ಹುಳು. ಅದರ ನೆಂಟರನ್ನು ನಮ್ಮ ಅಡಿಕೆ ತೋಟದಲ್ಲಿ ಮಳೆಗಾಲದಲ್ಲಿ ಬೇಕಾದಷ್ಟು ನೋಡಬಹುದು. ತಂತ್ರಾಂಶದ ಆವೃತ್ತಿಗಳಿಗೂ ಅಕ್ಷರಮಾಲೆಯ ಕ್ರಮದಲ್ಲಿ ಇಂಥವೇ ಹೆಸರು. ನಮ್ಮಲ್ಲಿ ಹಾಕಿದ್ದು 2020ರ 'ಆಕ್ಟೋಪಸ್'. ಆಕ್ಟೋಪಸ್‌ಗೆ ಮೂರು ಹೃದಯಗಳಿವೆ ಎಂದು ಗೊತ್ತಿದ್ದ ಒಬ್ಬ ಹುಡುಗ, "ಅದಕ್ಕೇ ಮೂರು ಕಂಪ್ಯೂಟರಾ ಸಾರ್?" ಎಂದ. ಅಲ್ಲ. ಆ ಪ್ರಾಣಿಯ ಎರಡು ಹೃದಯಗಳು ಕಿವಿರುಗಳಿಗೆ ರಕ್ತ ತಳ್ಳುತ್ತವೆ, ಮೂರನೆಯದು ಉಳಿದ ದೇಹಕ್ಕೆ. ಒಂದು ನಿಂತರೆ ಅದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ನಮಗೆ ಬೇಕಾದದ್ದು ಬೇರೆಯದೇ ವ್ಯವಸ್ಥೆ.

ಅದು ಹೀಗಿದೆ. ಕಡತದೊಳಗಿನ ಮಾಹಿತಿ ತುಂಡುತುಂಡಾಗಿ ಡಿಸ್ಕುಗಳಿಗೆ ಹೋಗುತ್ತದೆ. ಪ್ರತಿ ತುಂಡಿಗೂ ಮೂರು ಯಂತ್ರಗಳಲ್ಲಿ ಮೂರು ಪ್ರತಿ. ಆದರೆ ಕಡತದ ಹೆಸರೇನು, ಅದು ಯಾವ ಫೋಲ್ಡರಿನಲ್ಲಿದೆ, ಈಗ ಅದನ್ನು ಯಾರು ತೆರೆದು ಕುಳಿತಿದ್ದಾರೆ ಎಂಬ ಲೆಕ್ಕವನ್ನು ಬೇರೊಬ್ಬ ಇಡುತ್ತಾನೆ. ಅವನೇ ಮೆಟಾಡೇಟಾ ಸರ್ವರ್. ಗ್ರಂಥಾಲಯದಲ್ಲಿ ಪುಸ್ತಕಗಳು ಕಪಾಟಿನಲ್ಲಿರುತ್ತವೆ, ಆದರೆ ಕೇಳಬೇಕಾದದ್ದು ಮೇಜಿನ ಹಿಂದಿನ ಗುಮಾಸ್ತರನ್ನಲ್ಲವೇ? ಹಾಗೆ. ಗುಮಾಸ್ತ ಬಾರದ ದಿನ ಸಾವಿರ ಪುಸ್ತಕವಿದ್ದೂ ಪ್ರಯೋಜನವಿಲ್ಲ. ಆದ್ದರಿಂದ ಒಬ್ಬ ಗುಮಾಸ್ತ ಕೆಲಸದಲ್ಲಿದ್ದಾಗ ಇನ್ನೊಬ್ಬ ಪಕ್ಕದಲ್ಲಿ ಸಿದ್ಧನಾಗಿರಬೇಕು. ಇವನೇ ಸ್ಟ್ಯಾಂಡ್‌ಬೈ. ಮೊದಲನೆಯವನು ಬಿದ್ದಾಗ ಎರಡನೆಯವನು ಕುರ್ಚಿಗೆ ಬರುವುದೇ ಫೇಲ್‌ಓವರ್.

ನಾನು ಮೇಷ್ಟ್ರ ಬುದ್ಧಿಯಲ್ಲಿ ಕೇಳಿದೆ: "ಎರಡನೆಯದು ಸುಮ್ಮನೆ ಕೂತಿದೆಯಲ್ಲ ಮಾರಾಯ್ತಿ, ಅದಕ್ಕೂ ಅರ್ಧ ಕೆಲಸ ಕೊಡಬಾರದಾ?"

"ಕೊಡಬಹುದು ಸಾರ್. ಒಂದು ಸಂಖ್ಯೆ ಒಂದರಿಂದ ಎರಡಕ್ಕೆ ಬದಲಾಯಿಸಿದ್ರೆ ಆಯ್ತು, ಎರಡೂ ದುಡೀತಾವೆ. ಆಮೇಲೆ ಒಂದು ಬಿದ್ರೆ ಅದರ ಜಾಗಕ್ಕೆ ಯಾರು?"

ನಾನು ತಪ್ಪಿತಸ್ಥನಂತೆ ಸುಮ್ಮನಾದೆ. ಮಕ್ಕಳ ಸಂಖ್ಯೆ ಲೆಕ್ಕ ಹಾಕಿ ಶಾಲೆಯಲ್ಲಿ ಒಬ್ಬ ಶಿಕ್ಷಕ 'ಹೆಚ್ಚುವರಿ' ಎಂದು ಪಟ್ಟಿ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಅತಿ ಹೆಚ್ಚು ಗೊಣಗಿದವನು ನಾನೇ. ಹೆಚ್ಚುವರಿ ಎನಿಸಿಕೊಂಡವನು ಹೋದ ಮೇಲೆ ಒಬ್ಬರಿಗೆ ಜ್ವರ ಬಂದರೂ ಎರಡು ತರಗತಿಗಳನ್ನು ಒಂದೇ ಕೋಣೆಗೆ ತುಂಬಬೇಕಾಗುತ್ತದೆ. ಸೆಫ್ ಈ ವಿಷಯದಲ್ಲಿ ಪರವಾಗಿಲ್ಲ. ಬದಲಿಗೆ ಯಾರೂ ಇಲ್ಲದಿದ್ದರೆ 'ಸಾಕಷ್ಟು ಸ್ಟ್ಯಾಂಡ್‌ಬೈ ಇಲ್ಲ' ಎಂದು ತಾನೇ ಎಚ್ಚರಿಕೆ ಕೊಡುತ್ತದೆ.

ಮೊದಲನೆಯವನು ಬಿದ್ದ ಎಂದು ತಿಳಿಯುವುದು ಹೇಗೆ? ಮಕ್ಕಳಿಗೆ ಇದನ್ನು ವಿವರಿಸಲು ನನಗೆ ಹೃದಯಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಲ್ಲ. ಹೃದಯದ ಬಲಭಾಗದ ಮೇಲ್ಕೋಣೆಯ ಗೋಡೆಯಲ್ಲಿ ಒಂದು ಚಿಕ್ಕ ಅಂಗಾಂಶವಿದೆ. ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸಂಕೇತ ಹೊರಡಿಸಿ ಹೃದಯವನ್ನು ಮಿಡಿಸುವುದು ಅದೇ. ಅದರ ಕೆಳಗೆ, ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ, ಇನ್ನೊಂದಿದೆ. ಅದಕ್ಕೂ ಸ್ವಂತವಾಗಿ ಮಿಡಿಯುವ ಶಕ್ತಿಯಿದೆ, ನಿಮಿಷಕ್ಕೆ 40ರಿಂದ 60. ಆದರೆ ಮೇಲಿನಿಂದ ಸಂಕೇತ ಬರುತ್ತಿರುವವರೆಗೆ ಅದು ತನ್ನ ತಾಳ ಹಾಕುವುದಿಲ್ಲ. ಸಂಕೇತ ನಿಂತಿತೋ, ತಾನೇ ಶುರು ಮಾಡುತ್ತದೆ. ಸ್ವಲ್ಪ ನಿಧಾನ, ಆದರೆ ಜೀವ ನಿಲ್ಲುತ್ತದೆ. ಇಷ್ಟು ಹೇಳುವ ಹೊತ್ತಿಗೆ ಮಕ್ಕಳೆಲ್ಲ ಕೈನಾಡಿ ಹಿಡಿದು ಎಣಿಸುತ್ತಿದ್ದರು.

ಸೆಫ್‌ನಲ್ಲೂ ಮೆಟಾಡೇಟಾ ಸರ್ವರ್ ನಾಲ್ಕು ಸೆಕೆಂಡಿಗೊಮ್ಮೆ 'ಇದ್ದೇನೆ' ಎಂದು ಸಂಕೇತ ಕಳುಹಿಸುತ್ತದೆ. ಆದರೆ ಕೇಳಿಸಿಕೊಳ್ಳುವುದು ಸ್ಟ್ಯಾಂಡ್‌ಬೈ ಅಲ್ಲ, ಮಾನಿಟರ್ ಎಂಬ ಮೂವರು ಪಂಚರು. ಹದಿನೈದು ಸೆಕೆಂಡು ಸದ್ದಿಲ್ಲದಿದ್ದರೆ ಪಂಚರು ಸ್ಟ್ಯಾಂಡ್‌ಬೈಗೆ ಅಧಿಕಾರ ಕೊಡುತ್ತಾರೆ. ಹದಿನೈದು ಏಕೆ, ಐದು ಮಾಡಬಾರದೇ ಎಂದರೆ, ಮಾಡಬಹುದು. ಆದರೆ ಹಾಜರಿ ಕೂಗಿದಾಗ ಉತ್ತರ ಬಾರದಿದ್ದರೆ ಹುಡುಗ ಬಂದಿಲ್ಲವೋ, ತೂಕಡಿಸುತ್ತಿದ್ದಾನೋ ಹೇಗೆ ಹೇಳುವುದು? ದೂರದಿಂದ ನೋಡುವವನಿಗೆ ಸತ್ತ ಯಂತ್ರವೂ ನಿಧಾನದ ಯಂತ್ರವೂ ಒಂದೇ ರೀತಿ ಕಾಣುತ್ತವೆ. ಅವಸರ ಮಾಡಿದರೆ ಬದುಕಿದ್ದವನ ತಿಥಿ ಮಾಡಿದ ಹಾಗಾಗುತ್ತದೆ. ನಮ್ಮ ಮುದಿ ಯಂತ್ರಗಳಿಗಂತೂ ಹದಿನೈದು ಬೇಕೇ ಬೇಕು.

ಪಂಚರು ಮೂವರೇ ಏಕೆ ಎಂಬುದನ್ನು ಗಣಿತದ ಅವಧಿಯಲ್ಲೂ ಬಳಸಿದೆ. ಯಾವ ತೀರ್ಮಾನಕ್ಕೂ ಬಹುಮತ ಬೇಕು. ಮೂವರಲ್ಲಿ ಇಬ್ಬರು; ಹಾಗಾಗಿ ಒಬ್ಬ ಬಿದ್ದರೂ ನಡೆಯುತ್ತದೆ. ನಾಲ್ವರನ್ನಿಟ್ಟರೆ ಬಹುಮತಕ್ಕೆ ಮೂವರು ಬೇಕು, ಆಗಲೂ ಒಬ್ಬ ಮಾತ್ರ ಬೀಳಬಹುದು. ನಾಲ್ಕನೆಯವನಿಂದ ಬಂದ ಲಾಭ ಸೊನ್ನೆ. ಐವರಾದರೆ ಇಬ್ಬರು ಬಿದ್ದರೂ ಸರಿ. ಬಹುಮತವೇ ಏಕೆಂದರೆ, ನಡುವೆ ತಂತಿ ಕಡಿದು ಎರಡು ಗುಂಪಾದರೆ ಎರಡೂ ಗುಂಪಿಗೆ ಒಟ್ಟಿಗೆ ಬಹುಮತ ಸಿಗುವುದು ಸಾಧ್ಯವಿಲ್ಲ. ಇಲ್ಲವಾದರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಬಹಳ ವರ್ಷಗಳ ಹಿಂದೆ, ಹೆಸರು ಬೇಡ, ಒಂದು ಶಾಲೆಯಲ್ಲಿ ವರ್ಗಾವಣೆಯಾಗಿ ಬಂದ ಮುಖ್ಯೋಪಾಧ್ಯಾಯರೊಬ್ಬರು, ತಡೆಯಾಜ್ಞೆ ತಂದು ಹೋಗದೇ ಉಳಿದವರೊಬ್ಬರು. ಎರಡು ಕುರ್ಚಿ, ಎರಡು ಹಾಜರಿ ಪುಸ್ತಕ. ಬೆಳಿಗ್ಗೆ ಒಬ್ಬರು ರಜೆ ಘೋಷಿಸಿದರೆ ಮಧ್ಯಾಹ್ನ ಇನ್ನೊಬ್ಬರು ಕಿರುಪರೀಕ್ಷೆ ಇಟ್ಟರು. ಇಬ್ಬರೂ ಒಳ್ಳೆಯವರೇ. ದಾಖಲೆಗಳನ್ನು ಸರಿಪಡಿಸಲು ಗುಮಾಸ್ತರಿಗೆ ವರ್ಷ ಹಿಡಿಯಿತು.

ಆದ್ದರಿಂದ ಸೆಫ್ ಅಧಿಕಾರ ಬದಲಾಯಿಸುವಾಗ ಹಳಬನನ್ನು ಕಪ್ಪುಪಟ್ಟಿಗೆ ಸೇರಿಸುತ್ತದೆ. ಅವನು ಸತ್ತಿರದೆ ಬರೀ ತೂಕಡಿಸುತ್ತಿದ್ದು, ಎದ್ದು ಬಂದು 'ನಾನೇ ಯಜಮಾನ' ಎಂದು ಬರೆಯಹೊರಟರೂ ಡಿಸ್ಕುಗಳು ಅವನ ಮಾತು ಕೇಳುವುದಿಲ್ಲ. ಮರಳಿ ಶುರುವಾದ ಮೇಲೆ ಅವನು ಸ್ಟ್ಯಾಂಡ್‌ಬೈ ಆಗಿ ಸಾಲಿನಲ್ಲಿ ನಿಲ್ಲಬೇಕು. ರಜೆಯಿಂದ ಹಿಂದಿರುಗಿದ ಹೆಡ್‌ಮಾಸ್ತರರು ಸಹಶಿಕ್ಷಕರ ಬೆಂಚಿನಲ್ಲಿ ಕೂರುವುದನ್ನು ಊಹಿಸಿಕೊಳ್ಳಿ.

ಕುರ್ಚಿಗೆ ಬಂದ ಹೊಸಬನಿಗೆ ಎಲ್ಲ ಹೇಗೆ ಗೊತ್ತಿರುತ್ತದೆ ಎಂಬುದು ನನಗೆ ಅತ್ಯಂತ ಹಿಡಿಸಿದ ಭಾಗ. ಮೆಟಾಡೇಟಾ ಸರ್ವರ್ ತನ್ನ ಲೆಕ್ಕವನ್ನು ತನ್ನ ಪೆಟ್ಟಿಗೆಯೊಳಗೆ ಬಚ್ಚಿಟ್ಟುಕೊಳ್ಳುವುದಿಲ್ಲ. ಮಾಡುವ ಪ್ರತಿ ಬದಲಾವಣೆಯನ್ನೂ ಜರ್ನಲ್ ಎಂಬ ದಿನಚರಿಯಲ್ಲಿ ಬರೆಯುತ್ತದೆ. ಆ ದಿನಚರಿ ಇರುವುದು ಎಲ್ಲರಿಗೂ ಸೇರಿದ ಡಿಸ್ಕುಗಳಲ್ಲಿ, ಮೂರು ಪ್ರತಿಯಾಗಿ. ಹೊಸಬ ಬಂದವನೇ ಅದನ್ನು ಮೊದಲಿನಿಂದ ಓದುತ್ತಾನೆ. ನಂತರ ಕಡತ ತೆರೆದು ಕುಳಿತಿದ್ದವರನ್ನೆಲ್ಲ ಕರೆದು 'ನಿಮ್ಮ ಕೈಯಲ್ಲಿ ಏನೇನಿದೆ' ಎಂದು ಕೇಳುತ್ತಾನೆ. ಉತ್ತರಕ್ಕೆ 45 ಸೆಕೆಂಡು ಗಡುವು. ಆಮೇಲೆಯೇ ಹೊಸ ಕೆಲಸ. ಮೇಷ್ಟ್ರುಗಳಾದ ನಾವು ಪಾಠ ಟಿಪ್ಪಣಿಯನ್ನು ಹೀಗೆ ಪ್ರಾಮಾಣಿಕವಾಗಿ ಬರೆದಿದ್ದರೆ! ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿ ಮೂರು ತಿಂಗಳದ್ದು ಒಟ್ಟಿಗೆ ಬರೆದದ್ದನ್ನು ನಾನು ನನ್ನ ಮಕ್ಕಳಿಗೂ ಹೇಳಿಲ್ಲ.

ಇದರಲ್ಲೂ ಒಂದು ಮೇಲಿನ ದರ್ಜೆಯಿದೆ. ಸ್ಟ್ಯಾಂಡ್‌ಬೈ ಸುಮ್ಮನೆ ಕಾಯುವ ಬದಲು, ಮೊದಲನೆಯವನ ದಿನಚರಿಯನ್ನು ಅವನು ಬರೆದ ಹಾಗೆ ಹಾಗೆಯೇ ಓದುತ್ತ ಹೋಗುವುದು. ಹೊರಗಿನ ಬೆಂಚಿನಲ್ಲಿ ಕೂತು ಕಾಯುವ ಬದಲಿ ಮೇಷ್ಟ್ರು ಒಬ್ಬ. ತರಗತಿಯ ಕೊನೆಯ ಬೆಂಚಿನಲ್ಲೇ ಕೂತು ದಿನಾ ಪಾಠ ಕೇಳುವವನು ಇನ್ನೊಬ್ಬ. ಸೆಫ್‌ನಲ್ಲಿ ಇದು ತಾನಾಗಿ ಬರುವುದಿಲ್ಲ, ಹೇಳಿ ಅನುಮತಿ ಕೊಡಬೇಕು.

ಇನ್ನು ಪರೀಕ್ಷೆ. "ಸಾರ್, ಈಗ ನೀವೇ ಕೆಲಸ ಮಾಡ್ತಿರೋ ಮಷಿನ್ನಿನ ಪ್ಲಗ್ ಕೀಳಿ" ಎಂದಳು. ನನ್ನ ಕೈ ಏಳಲಿಲ್ಲ. ಸರಿಯಾಗಿ ಮುಚ್ಚದೆ ಕಂಪ್ಯೂಟರ್ ಆರಿಸಬಾರದೆಂದು ಮಕ್ಕಳ ಕಿವಿ ಹಿಂಡಿದವನು ನಾನು! "ಕೀಳದೇ ಇದ್ರೆ ಸ್ಟ್ಯಾಂಡ್‌ಬೈ ಇದೆ ಅನ್ನೋದು ನಮ್ಮ ನಂಬಿಕೆ ಅಷ್ಟೇ ಸಾರ್" ಎಂದಳು. ಒಬ್ಬ ಹುಡುಗ ಬೇರೊಂದು ಯಂತ್ರದಿಂದ ನೂರಾರು ಕಡತಗಳನ್ನು ಪ್ರತಿ ಮಾಡಲು ಹಚ್ಚಿದ್ದ. ಕಣ್ಣು ಮುಚ್ಚಿ ಕಿತ್ತೆ. ಪರದೆಯ ಮೇಲಿನ ಹಸಿರು ಪಟ್ಟಿ ನಿಂತಿತು. ಹತ್ತು ಸೆಕೆಂಡು, ಇಪ್ಪತ್ತು. ಯಾರೂ ಉಸಿರೆತ್ತಲಿಲ್ಲ. ಮೂವತ್ತು. 'ತಪ್ಪಾಗಿದೆ' ಎಂಬ ಸಂದೇಶವೂ ಇಲ್ಲ, ಮುಂದೆ ಹೋಗುವುದೂ ಇಲ್ಲ. 41ನೆಯ ಸೆಕೆಂಡಿಗೆ ಪಟ್ಟಿ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಟಿತು. ಮಕ್ಕಳ ಚಪ್ಪಾಳೆಗೆ ಪಕ್ಕದ ಕೋಣೆಯ ಹಿಂದಿ ಮೇಷ್ಟ್ರು ಎದ್ದು ಬಂದರು.

ಹಳೆಯ ಡಿಸ್ಕುಗಳ ಮೇಲೆ ಕರುಣೆಯಿಂದ ಉಳಿದ ಪ್ರಯೋಗಗಳಲ್ಲಿ ನೆಟ್‌ವರ್ಕ್ ವೈರು ಮಾತ್ರ ಕಿತ್ತೆವು. ಹತ್ತು ಸಲ, ಕೋಷ್ಟಕ ಹಾಕಿ. ಕೊನೆಯ ಬೆಂಚಿನ ಮೇಷ್ಟ್ರನ್ನು ನೇಮಿಸಿದ ಮೇಲೆ ಸಮಯ ಕಡಿಮೆಯಾಯಿತು, ಆದರೆ ಕೆಲವೇ ಸೆಕೆಂಡು. ಮಕ್ಕಳಿಗೆ ನಿರಾಸೆ. ಏಕೆಂದು ಅವರೇ ಯೋಚಿಸಿ ಕಂಡುಹಿಡಿದರು: ಕಡಿಮೆಯಾದದ್ದು ದಿನಚರಿ ಓದುವ ಸಮಯ ಮಾತ್ರ. ಸತ್ತಿದ್ದಾನೆಂದು ಖಚಿತಪಡಿಸಿಕೊಳ್ಳುವ ಆ ಹದಿನೈದು ಸೆಕೆಂಡು ಎಲ್ಲಿಯೂ ಹೋಗಿಲ್ಲ. ನಮ್ಮ ದಿನಚರಿಯೂ ಚಿಕ್ಕದೇ, ಹಾಗಾಗಿ ಉಳಿತಾಯವೂ ಚಿಕ್ಕದು. ಆ ವರ್ಷ ನಾನು ಕಲಿಸಿದ ಪಾಠಗಳಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ನಾನು ಕಲಿಸದೇ ಇದ್ದ ಈ ಪಾಠ.

ಏಪ್ರಿಲ್‌ನ ಒಂದು ಸಂಜೆ ಗುಡುಗು ಮಳೆ ಬಂತು, ಕರೆಂಟ್ ಹೋಯಿತು. ಯುಪಿಎಸ್ ಎರಡು ನಿಮಿಷ ಕಿರುಚಿ ಪ್ರಾಣಬಿಟ್ಟಿತು. ಮೂರು ಯಂತ್ರಗಳೂ ಒಟ್ಟಿಗೆ ಮಲಗಿದವು. ಮೂರಕ್ಕೂ ಇದ್ದದ್ದು ಅದೊಂದೇ ಯುಪಿಎಸ್! ಮೂರು ಪ್ರತಿ, ಮೂವರು ಪಂಚರು, ಕಾದು ನಿಂತ ಸ್ಟ್ಯಾಂಡ್‌ಬೈ, ಎಲ್ಲ ಒಂದೇ ಹಳೆಯ ಬ್ಯಾಟರಿಗೆ ನೇತುಹಾಕಿಕೊಂಡಿದ್ದೆವು. ಮರುದಿನ ಕರೆಂಟ್ ಬಂದ ಮೇಲೆ ಯಂತ್ರಗಳು ಒಂದನ್ನೊಂದು ಹುಡುಕಿಕೊಂಡು, ದಿನಚರಿ ಓದಿಕೊಂಡು ತಾವೇ ಎದ್ದು ನಿಂತವು, ಏನೂ ಕಳೆಯಲಿಲ್ಲ. ಅವಳಿಗೆ ಫೋನ್ ಮಾಡಿದರೆ ಬೇಸರಪಟ್ಟುಕೊಂಡಳು, ನನ್ನ ಮೇಲಲ್ಲ, ತನ್ನ ಮೇಲೆ. ಈಗ ಒಂದು ಯಂತ್ರ ಪ್ರಯೋಗಾಲಯದ ಯುಪಿಎಸ್ ಮೇಲೆ, ಇನ್ನೊಂದು ಸ್ಟಾಫ್ ರೂಮಿನ ಇನ್ವರ್ಟರ್ ಮೇಲೆ, ಮೂರನೆಯದು ಕಚೇರಿಯಲ್ಲಿ. ಮೂರನ್ನೂ ಜೋಡಿಸುವ ನೆಟ್‌ವರ್ಕ್ ಸ್ವಿಚ್ ಮಾತ್ರ ಇಂದಿಗೂ ಒಂದೇ. ಅದಕ್ಕೆ ದುಡ್ಡು ಕೇಳಿ ಬರೆದ ಪತ್ರ ಎಲ್ಲಿದೆಯೋ.

ತಂದೆ ತಾಯಿಯರಿಗೆ ಒಂದು ವಿಷಯ ಹೇಳಲೇಬೇಕು, ಏಕೆಂದರೆ ಮನೆಯ ಫೋಟೋ, ಮಕ್ಕಳ ಅಂಕಪಟ್ಟಿಗಳೆಲ್ಲ ಈಗ ಫೋನಿನಲ್ಲೇ ಇರುತ್ತವೆ. 2022ರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೈತಪ್ಪಿ 2014ರ ಇಡೀ ಫೋಲ್ಡರನ್ನು ಅಳಿಸಿಬಿಟ್ಟ. ಮೂರು ಪ್ರತಿ ಇದ್ದವಲ್ಲ? ಮೂರರಿಂದಲೂ ಆ ಕ್ಷಣದಲ್ಲೇ ಹೋಯಿತು. ಅಳಿಸು ಎಂದರೆ ಯಂತ್ರ ವಿಧೇಯತೆಯಿಂದ ಎಲ್ಲ ಕಡೆಯೂ ಅಳಿಸುತ್ತದೆ. ಸ್ಟ್ಯಾಂಡ್‌ಬೈ ಕಾಪಾಡುವುದು ಯಂತ್ರದ ಸಾವಿನಿಂದ, ಮನುಷ್ಯನ ಬೆರಳಿನಿಂದಲ್ಲ. ಅಂದು ಉಳಿಸಿದ್ದು ನನ್ನ ಹೆಂಡತಿಯ ಸೀರೆ ಕಪಾಟಿನಲ್ಲಿದ್ದ ಪೆನ್‌ಡ್ರೈವ್. ಆಮೇಲೆ ಪ್ರತಿ ತಿಂಗಳೂ ಕಾಗದದ ಮೇಲೆ ಮುದ್ರಿಸಿ ಹೊಲಿಸಿ ಇಡುತ್ತಿದ್ದೇನೆ, ಈ ಸಲ ಬೇವಿನ ಸೊಪ್ಪಿನ ಜೊತೆಗೆ. ಅತ್ತು ಕೆಂಪಾಗಿದ್ದ ಆ ಹುಡುಗನಿಗೆ ಬೈಯಲಿಲ್ಲ. 2019ರಲ್ಲಿ ನನಗೆ ಯಾರೂ ಬೈದಿರಲಿಲ್ಲ.

2024ರ ಜುಲೈನಲ್ಲಿ ನನಗೆ ಡೆಂಗಿ ಬಂತು. ಹದಿನೆಂಟು ದಿನ ಹಾಸಿಗೆ. ಜ್ವರದ ನಡುವೆಯೂ ಎಂಟೂವರೆಗೆ ಎಚ್ಚರವಾಗುತ್ತಿತ್ತು, ಹೊರಗೆ ಧೋ ಎಂದು ಮಳೆ. ಇಷ್ಟೆಲ್ಲ ಬದಲಿ ವ್ಯವಸ್ಥೆ ಕಲಿತ ಮನುಷ್ಯ ಮಳೆಮಾಪಕಕ್ಕೆ ಬದಲಿ ಯಾರೆಂದು ಒಂದು ದಿನವೂ ಯೋಚಿಸಿರಲಿಲ್ಲ. ಇಪ್ಪತ್ತೈದು ವರ್ಷದ ದಾಖಲೆಯಲ್ಲಿ, ಅದೂ ಈ ಮಳೆಯಲ್ಲಿ, ಹದಿನೆಂಟು ಖಾಲಿ ಮನೆಗಳು ಎಂದು ಮಲಗಿದಲ್ಲೇ ಸಂಕಟಪಟ್ಟೆ.

ಶಾಲೆಗೆ ಮರಳಿದ ದಿನ ರಿಜಿಸ್ಟರ್ ತೆರೆದೆ. ಹದಿನೆಂಟು ಮನೆಗಳೂ ತುಂಬಿದ್ದವು, ದುಂಡಗಿನ ಅಕ್ಷರದಲ್ಲಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ತಂದೆ ಬೆಳಗಿನ ಹಾಲು ಹಾಕಿ ಹೋಗುವಾಗ ಬೇಗನೆ ಬಿಟ್ಟುಹೋಗುತ್ತಿದ್ದುದರಿಂದ, ಒಂದು ವರ್ಷದಿಂದ ನನ್ನ ಹಿಂದೆ ಕೊಡೆ ಹಿಡಿದು ನಿಲ್ಲುತ್ತಿದ್ದಳು. ತನ್ನದೇ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದುಕೊಳ್ಳುತ್ತಿದ್ದಳಂತೆ, ನಾನು ಗಮನಿಸಿರಲಿಲ್ಲ. ಒಂದು ದಿನದ ಅಂಕಿಯ ಪಕ್ಕ ಷರಾ ಇತ್ತು: 'ಬಾಟಲಿ ತುಂಬಿ ಹೊರಗಿನ ಡಬ್ಬಕ್ಕೆ ಚೆಲ್ಲಿತ್ತು. ಡಬ್ಬದ ನೀರನ್ನೂ ಬೇರೆ ಅಳೆದು ಕೂಡಿಸಿದೆ.' ಅದನ್ನು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಒಮ್ಮೆ ನಾನು ಹಾಗೆ ಮಾಡಿದ್ದನ್ನು ನೋಡಿದ್ದಳು, ಅಷ್ಟೇ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಎರಡು ನಿಮಿಷವಿರುವಾಗ ನಾನು ಹಿತ್ತಿಲಿಗೆ ಹೋದೆ. ಅವಳು ಆಗಲೇ ಅಳೆಯುವ ಗಾಜು ಹಿಡಿದು, ಕೈಗಡಿಯಾರ ನೋಡುತ್ತ ನಿಂತಿದ್ದಳು. ನನ್ನನ್ನು ಕಂಡು ಗಾಜನ್ನು ನನ್ನತ್ತ ಚಾಚಿದಳು. "ಬೇಡ, ನೀನೇ ಅಳಿ" ಎಂದು ಕೊಡೆ ಇಸಿದುಕೊಂಡೆ.